ವಿದ್ಯಾರ್ಥಿಗಳ ರೋಮಾಂಚಕ ಚಿತ್ರ: ಸ್ಥಳ, ಬೆಳಕು, ಉಡುಪು

ಬಾನುಲಿ ನಾಟಕವನ್ನು ಕೇಳಿ ಅಭ್ಯಾಸವಿರುವ ನಿಮಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮರದ ಮೆಟ್ಟಿಲನ್ನು ಒಂದೊಂದಾಗಿ ಏರಿ ಬರುವ ಹೆಜ್ಜೆಯ ಸಪ್ಪಳ, ಬಾಗಿಲು ಕಿರ್ರೆಂದ ಸದ್ದು, ಆಮೇಲೆ ಒಂದು ಗಳಿಗೆಯ ಮೌನ. ಇಷ್ಟಾದರೆ ಸಾಕು, ಕೇಳುತ್ತ ಕುಳಿತವರ ಮೈ ಜುಮ್ಮೆನ್ನುತ್ತದೆ. ಬಂದವನು ಎತ್ತರವೋ ಗಿಡ್ಡವೋ, ಅವನ ಕೈಯಲ್ಲಿ ಏನಿದೆ, ಆ ಮನೆಯ ಗೋಡೆಗೆ ಯಾವ ಬಣ್ಣ ಎಂಬುದನ್ನೆಲ್ಲ ಕೇಳುವವನ ಮನಸ್ಸೇ ಒದಗಿಸಿಕೊಳ್ಳುತ್ತದೆ. ಚಲಚ್ಚಿತ್ರಕ್ಕೆ ಈ ಅನುಕೂಲವಿಲ್ಲ. ಅದು ತೋರಿಸಲೇಬೇಕು. ತೋರಿಸಿದ ಪ್ರತಿಯೊಂದು ವಸ್ತುವೂ ಭಯವನ್ನು ಒಂದಿಷ್ಟು ಕಡಿಮೆ ಮಾಡುತ್ತದೆ. ತೋರಿಸುತ್ತಲೇ ಮುಚ್ಚಿಡುವುದು ಹೇಗೆ ಎಂಬುದೇ ರೋಮಾಂಚಕ ಚಿತ್ರವನ್ನು ತೆಗೆಯುವವರ ಮುಂದಿರುವ ದೊಡ್ಡ ಸಮಸ್ಯೆ.

ಈಗ ಅನೇಕ ಕಾಲೇಜುಗಳಲ್ಲಿ ಚಲಚ್ಚಿತ್ರವನ್ನು ಪಾಠವಾಗಿಯೇ ಕಲಿಸುತ್ತಾರೆ. ಜೇಬಿನಲ್ಲಿರುವ ಮೊಬೈಲ್ ಫೋನೇ ಕ್ಯಾಮೆರಾ ಆಗಿರುವುದರಿಂದ ಪಾಠವಿಲ್ಲದ ಕಡೆಯೂ ಹುಡುಗರು ಹತ್ತು ಹನ್ನೆರಡು ನಿಮಿಷದ ಚಿತ್ರವೊಂದನ್ನು ತೆಗೆಯಲು ಹೊರಡುತ್ತಾರೆ. ಅವರಲ್ಲಿ ಬಹುಮಂದಿಗೆ ಪತ್ತೇದಾರಿ ಅಥವಾ ಭಯದ ಕತೆಯ ಮೇಲೆಯೇ ಒಲವು. ಮೂವರು ಪಾತ್ರಧಾರಿಗಳು, ಒಂದು ಮನೆ, ಒಂದು ರಾತ್ರಿ ಇದ್ದರೆ ಸಾಕೆಂಬ ಲೆಕ್ಕ ಅವರದು. ನಿಮ್ಮ ಮನೆಯಲ್ಲಿಯೂ ಮಗ ಅಜ್ಜನ ಹಳೆಯ ಕೋಟನ್ನು ಕೇಳಿರಬಹುದು. ಮಗಳು ಮಹಡಿಯ ಕೋಣೆಯನ್ನು ಎರಡು ರಾತ್ರಿಯ ಮಟ್ಟಿಗೆ ಬಿಟ್ಟುಕೊಡಿ ಎಂದು ಪೀಡಿಸಿರಬಹುದು. ಚಿತ್ರ ತೆಗೆಯುವ ಅವರಿಗೂ, ಕೋಟು ಮತ್ತು ಕೋಣೆಯನ್ನು ಎರವಲು ಕೊಡುವ ನಿಮಗೂ ಉಪಯೋಗವಾಗಲೆಂದು ಈ ಕೆಲವು ಮಾತು.

ಮೊದಲು ಒಂದು ಮೂಲತತ್ವವನ್ನು ನೋಡೋಣ. ಆಲ್‌ಫ್ರೆಡ್ ಹಿಚ್‌ಕಾಕ್ ಎಂಬ ನಿರ್ದೇಶಕನ ಹೆಸರನ್ನು ಕೇಳದವರು ಕಡಿಮೆ. ಫ್ರಾನ್ಸಿನ ನಿರ್ದೇಶಕ ತ್ರೂಫೋ 1962ರಲ್ಲಿ ಅವನೊಡನೆ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ಅವನು ಒಂದು ಉದಾಹರಣೆ ಕೊಟ್ಟ. ಇಬ್ಬರು ಮೇಜಿನ ಬಳಿ ಕುಳಿತು ಮಾತಾಡುತ್ತಿದ್ದಾರೆ ಎನ್ನಿ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿದ್ದ ಬಾಂಬು ಸಿಡಿದರೆ ನೋಡುವವರಿಗೆ ಹದಿನೈದು ಸೆಕೆಂಡಿನ ಬೆಚ್ಚು. ಆದರೆ ಬಾಂಬು ಇರುವುದೂ ಅದು ಸಿಡಿಯುವ ಹೊತ್ತೂ ನೋಡುವವರಿಗೆ ಮೊದಲೇ ತಿಳಿದಿದ್ದು, ಮೇಜಿನ ಬಳಿ ಕುಳಿತವರಿಗೆ ತಿಳಿಯದಿದ್ದರೆ, ಅದೇ ಒಣ ಮಾತುಕತೆ ಹದಿನೈದು ನಿಮಿಷದ ತಳಮಳವಾಗುತ್ತದೆ. ಇದರ ಸಾರವಿಷ್ಟೆ: ಯಾರಿಗೆ ಏನು ಗೊತ್ತು, ಯಾವಾಗ ಗೊತ್ತು ಎಂಬ ಲೆಕ್ಕದಿಂದ ರೋಮಾಂಚನ ಹುಟ್ಟುತ್ತದೆ.

ಸ್ಥಳ, ಬೆಳಕು, ಉಡುಪು ಈ ಮೂರೂ ಆ ಲೆಕ್ಕವನ್ನು ಇಡುವ ಸಾಧನಗಳು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇವನ್ನು ಬೇರೆ ಬೇರೆಯಾಗಿ ಹಂಚಿಕೊಳ್ಳುತ್ತಾರೆ. ಒಬ್ಬ ಪಾಳುಮನೆ ಹುಡುಕುತ್ತಾನೆ, ಇನ್ನೊಬ್ಬ ದೀಪ ತರುತ್ತಾನೆ, ಮತ್ತೊಬ್ಬಳು ಬಟ್ಟೆ ತರುತ್ತಾಳೆ. ಷೂಟಿಂಗ್ ದಿನ ಕರಿಯ ಕೋಟಿನವನು ಕರಿಯ ಗೋಡೆಯ ಮುಂದೆ ಕತ್ತಲಲ್ಲಿ ನಿಂತಾಗ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಆದುದರಿಂದ ಪ್ರತಿಯೊಂದು ದೃಶ್ಯಕ್ಕೂ ಮೂವರೂ ಕೂಡಿ ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ಗಳಿಗೆಯಲ್ಲಿ ನೋಡುವವನಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು?

ವಿವರಿಸಲು ಅನುಕೂಲವಾಗುವಂತೆ ಒಂದು ಸಣ್ಣ ಕತೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಹಳೆಯ ವಠಾರ. ನಡುವೆ ಅಂಗಳ, ಸುತ್ತ ಏಳೆಂಟು ಮನೆ. ಮೂಲೆಯ ಕೋಣೆಯಲ್ಲಿ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಎದುರಿನ ಕೋಣೆಗೆ ಬೀಗ ಹಾಕಿ ಒಂದು ವರ್ಷವಾಯಿತು, ಅಲ್ಲಿ ಯಾರೂ ಇಲ್ಲವೆಂದು ಮನೆಯ ಯಜಮಾನರು ಹೇಳಿದ್ದಾರೆ. ಒಂದು ರಾತ್ರಿ ಬೀಗ ತೂಗುತ್ತಿರುವ ಆ ಬಾಗಿಲಿನ ಕೆಳಗೆ ಬೆಳಕಿನ ಗೆರೆಯೊಂದು ಅವಳಿಗೆ ಕಾಣುತ್ತದೆ. ಬೆಳಿಗ್ಗೆ ಅಂಗಳದ ಹಗ್ಗದ ಮೇಲೆ ಯಾರದೆಂದು ತಿಳಿಯದ ಒಂದು ಒದ್ದೆ ಅಂಗಿ ಒಣಗುತ್ತಿದೆ. ಅದರ ಎರಡನೆಯ ಗುಂಡಿ ಕಿತ್ತುಹೋಗಿದೆ. ಮೂರನೆಯ ದಿನ ಯಜಮಾನರು ಬಾಡಿಗೆಗೆ ಬರುತ್ತಾರೆ. ಅವರ ಬಿಳಿಯ ಅಂಗಿಯ ಎರಡನೆಯ ಗುಂಡಿಯನ್ನು ಕರಿಯ ದಾರದಲ್ಲಿ ಹೊಲಿದಿದೆ. ಅದನ್ನು ನಾವು ನೋಡುತ್ತೇವೆ, ಹುಡುಗಿ ಇನ್ನೂ ನೋಡಿಲ್ಲ. ಅವರು ನಗುತ್ತಲೇ, "ರಾತ್ರಿ ಎದುರುಗಡೆ ದೀಪ ಗೀಪ ಏನಾದರೂ ಕಂಡಿತೇನಮ್ಮ?" ಎಂದು ಕೇಳುತ್ತಾರೆ. ಕೋಣೆಯಲ್ಲಿ ಏನಿತ್ತೆಂಬುದನ್ನು ಬರೆಯುವವರೇ ತೀರ್ಮಾನಿಸಲಿ. ಕತೆಯ ಮುಖ್ಯ ಸಂಗತಿಗಳೆಲ್ಲ ಮಾತಿಲ್ಲದೆಯೇ ತಿಳಿದವು ಎಂಬುದನ್ನು ಮಾತ್ರ ಗಮನಿಸಿ. ವಠಾರ ಸ್ಥಳದ ಕೆಲಸ, ಗೆರೆ ಬೆಳಕಿನ ಕೆಲಸ, ಗುಂಡಿ ಉಡುಪಿನ ಕೆಲಸ.

ಸ್ಥಳ

ಭಯದ ಕತೆಯೆಂದೊಡನೆ ಹುಡುಗರ ಮನಸ್ಸು ಪಾಳುಬಿದ್ದ ಬಂಗಲೆಯ ಕಡೆ ಓಡುತ್ತದೆ. ಪಾಳು ಬಂಗಲೆಯನ್ನು ಕಂಡ ಕೂಡಲೆ ನೋಡುವವನು ಎಚ್ಚರಗೊಂಡು ಕುಳಿತುಬಿಡುತ್ತಾನೆ. ಆಮೇಲೆ ಅವನನ್ನು ಬೆಚ್ಚಿಸುವುದು ಕಷ್ಟ. ನಿತ್ಯ ಕಾಣುವ ಜಾಗವೇ ಸ್ವಲ್ಪ ಓರೆಯಾಗಿ ಕಂಡರೆ ಹೆಚ್ಚು ಕಳವಳ. ಪವನ್ ಕುಮಾರ್ ನಿರ್ದೇಶಿಸಿದ 'ಯೂ ಟರ್ನ್' ಎಂಬ ಕನ್ನಡ ಚಿತ್ರ 2016ರಲ್ಲಿ ಬಂತು. ಬೆಂಗಳೂರಿನ ಒಂದು ಮೇಲುಸೇತುವೆಯ ಮೇಲೆ ವಾಹನ ಸವಾರರು ನಡುವಿನ ಕಲ್ಲುಗಳನ್ನು ಸರಿಸಿ ಅಡ್ಡದಾರಿಯಲ್ಲಿ ತಿರುಗುವ ಚಾಳಿಯೇ ಅದರ ಕತೆಗೆ ಬೇರು. ಸಾವಿರಾರು ಜನ ದಿನವೂ ದಾಟುವ ರಸ್ತೆ ಅದು. ಆ ಸೇತುವೆಯನ್ನು ತೆಗೆದುಹಾಕಿದರೆ ಕತೆಯೇ ಇಲ್ಲ. ಒಳ್ಳೆಯ ಸ್ಥಳದ ಗುರುತು ಇದೇ. ಕತೆ ನಡೆಯಲು ಆ ಜಾಗವೇ ಕಾರಣವಾಗಿರಬೇಕು.

ಇದಕ್ಕಿಂತ ಹಳೆಯ ಉದಾಹರಣೆ ಬೇಕಾದರೆ ಕ್ಯಾರಲ್ ರೀಡ್ ನಿರ್ದೇಶಿಸಿದ 'ದಿ ಥರ್ಡ್ ಮ್ಯಾನ್' ಇದೆ. ಅದು 1949ರ ಚಿತ್ರ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಪೆಟ್ಟು ತಿಂದ ವಿಯೆನ್ನಾ ನಗರವನ್ನು ಅಂದು ನಾಲ್ಕು ರಾಷ್ಟ್ರಗಳು ಹಂಚಿಕೊಂಡಿದ್ದವು. ಕುಸಿದ ಕಟ್ಟಡಗಳು, ಕಾಳಸಂತೆ, ನೆಲದಡಿಯ ಒಳಚರಂಡಿ ಇವು ಆ ನಗರದಲ್ಲಿ ನಿಜವಾಗಿಯೇ ಇದ್ದವು. ಕಲಬೆರಕೆ ಪೆನಿಸಿಲಿನ್ ಮಾರುವ ಖಳನೊಬ್ಬನ ಕತೆ ಅಲ್ಲಿ ತಾನಾಗಿ ಕುದುರಿತು.

ನಮ್ಮ ವಠಾರದ ಕತೆಗೆ ಬರೋಣ. ಜಾಗವನ್ನು ಆಯುವಾಗ ಚಿತ್ರ ತೆಗೆಯುವ ಹೊತ್ತಿನಲ್ಲಿಯೇ ಹೋಗಿ ನೋಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಶಾಂತವಾಗಿರುವ ಅಂಗಳ ರಾತ್ರಿ ಎಂಟಕ್ಕೆ ನೀರಿನ ಪಂಪು, ಪಕ್ಕದ ಮನೆಯ ಟೆಲಿವಿಷನ್, ಬೀದಿಯ ನಾಯಿ ಇವೆಲ್ಲ ಕೂಡಿ ಸಂತೆಯಾಗಿರಬಹುದು. ನೋಡಲು ಹೋದವರು ಒಂದು ಕಾಗದದ ಮೇಲೆ ಅಂಗಳದ ನಕ್ಷೆ ಬರೆದುಕೊಳ್ಳಲಿ. ಸೂರ್ಯ ಯಾವ ಕಡೆ ಮುಳುಗುತ್ತಾನೆ, ಬೀದಿದೀಪ ಎಲ್ಲಿದೆ, ಅದನ್ನು ಎಷ್ಟು ಹೊತ್ತಿಗೆ ಹಾಕುತ್ತಾರೆ, ಪ್ಲಗ್ ಎಷ್ಟು, ಕರೆಂಟು ಹೋಗುವ ವಾಡಿಕೆ ಇದೆಯೇ, ಹುಡುಗಿಯರು ಬಟ್ಟೆ ಬದಲಾಯಿಸಲು ಮರೆ ಎಲ್ಲಿ, ಬಚ್ಚಲು ಎಲ್ಲಿ ಎಂಬುದನ್ನು ಗುರುತು ಹಾಕಬೇಕು. ಅದೇ ನಕ್ಷೆಯ ಮೇಲೆ ಹುಡುಗಿಯ ಬಾಗಿಲಿನಿಂದ ಎದುರು ಬಾಗಿಲಿಗೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಯಾವಾಗಲೂ ಆ ಗೆರೆಯ ಒಂದೇ ಮಗ್ಗುಲಲ್ಲಿ ನಿಂತರೆ ಹುಡುಗಿ ಎಡದಿಂದ ಬಲಕ್ಕೆ ನೋಡುತ್ತಿದ್ದಾಳೆ ಎಂಬುದು ಕೊನೆಯವರೆಗೂ ಉಳಿಯುತ್ತದೆ. ಗೆರೆ ದಾಟಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ಗೊಂದಲವಾಗಿ, ಭಯಪಡಬೇಕಾದ ಪ್ರೇಕ್ಷಕ ದಾರಿ ತಪ್ಪುತ್ತಾನೆ.

ಎಲ್ಲವೂ ಒಂದೇ ಕಡೆ ಸಿಕ್ಕಬೇಕೆಂಬ ನಿಯಮವಿಲ್ಲ. ಅಂಗಳ ಒಂದು ವಠಾರದ್ದು, ಕೋಣೆಯ ಒಳಭಾಗ ಗೆಳೆಯನ ಮನೆಯದು ಆಗಬಹುದು. ಬಾಗಿಲಿನ ಬಣ್ಣ, ಕಿಟಕಿಯ ಸರಳು, ಹೊಸ್ತಿಲ ಎತ್ತರ ಇವು ಹೊಂದಿಕೊಂಡರೆ ಎರಡು ಊರಿನ ಎರಡು ಮನೆ ತೆರೆಯ ಮೇಲೆ ಒಂದೇ ಮನೆಯಾಗುತ್ತದೆ.

ಅನುಮತಿಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಮನೆಯವರಿಂದ ದಿನ, ಹೊತ್ತು ನಮೂದಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ರೈಲ್ವೆ ನಿಲ್ದಾಣ, ಕಾಯ್ದಿಟ್ಟ ಅರಣ್ಯ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಇಲ್ಲೆಲ್ಲ ಆಯಾ ಇಲಾಖೆಯ ಅನುಮತಿಯಿಲ್ಲದೆ ಚಿತ್ರೀಕರಣ ಮಾಡುವಂತಿಲ್ಲ. ಬೀದಿಯಲ್ಲಿ ರಾತ್ರಿ ದೃಶ್ಯವಿದ್ದರೆ ಕಾಲೇಜಿನ ಪತ್ರದೊಡನೆ ಪೊಲೀಸ್ ಠಾಣೆಗೂ, ಬಾಯಿಮಾತಿನಲ್ಲಿ ಅಕ್ಕಪಕ್ಕದ ಮನೆಗಳಿಗೂ ತಿಳಿಸಿರಬೇಕು. ಕಿರುಚಿಕೊಂಡು ಓಡುವ ಹುಡುಗಿಯನ್ನೂ, ಆಟದ ಪಿಸ್ತೂಲು ಹಿಡಿದು ಹಿಂದೆ ಬರುವವನನ್ನೂ ಮಹಡಿಯಿಂದ ಕಂಡ ಮುದುಕಿಗೆ ಅದು ನಾಟಕವೆಂದು ತಿಳಿಯುವುದು ಹೇಗೆ? ಆಕೆ 112ಕ್ಕೆ ಕರೆ ಮಾಡಿದರೆ ತಪ್ಪು ಆಕೆಯದಲ್ಲ. ಆಕೆಯ ಎದೆ ನಡುಗಿಸಿ ಪಡೆದ ದೃಶ್ಯ ಎಷ್ಟು ಚೆನ್ನಾಗಿದ್ದರೂ ಅದು ಒಳ್ಳೆಯ ದೃಶ್ಯವಲ್ಲ.

ಬೆಳಕು

ಕತ್ತಲೆಯ ಚಿತ್ರಕ್ಕೆ ದೀಪವೇಕೆ ಎಂದು ಕೇಳುವವರುಂಟು. ಕಣ್ಣಿಗೆ ಕಾಣುವ ಕತ್ತಲೆ ಬೇರೆ, ಕ್ಯಾಮೆರಾಕ್ಕೆ ಕಾಣುವ ಕತ್ತಲೆ ಬೇರೆ. ನಿಜವಾದ ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ತಾನೇ ಬೆಳಕನ್ನು ಹಿಗ್ಗಿಸಲು ಹೋಗಿ, ರವೆ ಚೆಲ್ಲಿದಂತಹ ಬೂದು ಚಿತ್ರ ಕೊಡುತ್ತದೆ. ತೆರೆಯ ಮೇಲೆ ಕತ್ತಲೆ ಕಾಣಬೇಕಾದರೆ ಅದರ ಪಕ್ಕದಲ್ಲಿ ಎಲ್ಲಿಯಾದರೂ ಒಂದು ಒಳ್ಳೆಯ ಬೆಳಕು ಇರಲೇಬೇಕು.

'ದಿ ಥರ್ಡ್ ಮ್ಯಾನ್' ಚಿತ್ರದ ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್‌ಗೆ ಆಸ್ಕರ್ ಪ್ರಶಸ್ತಿ ಬಂತು. ಅದರಲ್ಲಿ ಸತ್ತನೆಂದು ಎಲ್ಲರೂ ನಂಬಿದ ಹ್ಯಾರಿ ಲೈಮ್ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಬಗೆಯನ್ನು ನೋಡಿ. ರಾತ್ರಿಯ ಬೀದಿ. ಬಾಗಿಲ ಮರೆಯ ಕತ್ತಲಲ್ಲಿ ಯಾರದೋ ಬೂಟು, ಅದರ ಬಳಿ ಒಂದು ಬೆಕ್ಕು. ಬೀದಿಯಲ್ಲಿ ನಿಂತವನು ಕೂಗಾಡಿದಾಗ ಎದುರಿನ ಮಹಡಿಯ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಆ ಬೆಳಕು ನೇರವಾಗಿ ಲೈಮನ ಮುಖದ ಮೇಲೆ ಬೀಳುತ್ತದೆ. ಬೆಳಕೇ ಅಲ್ಲಿ ಸುದ್ದಿ ಹೇಳಿತು. 1954ರ 'ರಿಯರ್ ವಿಂಡೋ' ಚಿತ್ರದಲ್ಲಿ ಹಿಚ್‌ಕಾಕ್ ಇದಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಸಿದ್ದಾನೆ. ಎದುರು ಮನೆಯ ಕತ್ತಲ ಕಿಟಕಿಯಲ್ಲಿ ಸಿಗರೇಟಿನ ಕೆಂಪು ಚುಕ್ಕೆಯೊಂದು ಆಗಾಗ ಹೊಳೆಯುತ್ತದೆ, ಅಷ್ಟೆ. ಅಲ್ಲಿ ಒಬ್ಬ ಎಚ್ಚರವಾಗಿ ಕುಳಿತಿದ್ದಾನೆ ಎಂಬುದು ನಮಗೆ ತಿಳಿದುಹೋಗುತ್ತದೆ.

ವಿದ್ಯಾರ್ಥಿಗಳ ಕೈಗೆಟಕುವ ಸಾಮಾನಿನಲ್ಲಿ ಇದನ್ನು ಸಾಧಿಸುವುದು ಕಷ್ಟವಲ್ಲ. ಮುಖಕ್ಕೆ ಬೀಳುವ ಮುಖ್ಯ ಬೆಳಕು ಒಂದು ಮಗ್ಗುಲಿನಿಂದ ಬರಲಿ. ಇನ್ನೊಂದು ಮಗ್ಗುಲು ತೀರ ಕಪ್ಪಾಯಿತು ಎನ್ನಿಸಿದರೆ ಅಲ್ಲಿ ಒಂದು ಬಿಳಿಯ ಥರ್ಮೋಕೋಲ್ ಹಲಗೆ ಹಿಡಿದು ಬೆಳಕನ್ನು ಹಿಂದಿರುಗಿಸಿ. ಹಲಗೆಯನ್ನು ಮುಖದ ಹತ್ತಿರ ತಂದಂತೆ ನೆರಳು ತಿಳಿಯಾಗುತ್ತದೆ. ಬೆನ್ನ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ, ಒಂದು ಸಣ್ಣ ದೀಪವಿಟ್ಟರೆ ಕೂದಲ ಅಂಚೂ ಭುಜದ ಅಂಚೂ ಹೊಳೆದು ಆಳು ಗೋಡೆಯಿಂದ ಬೇರೆಯಾಗುತ್ತಾನೆ. ದೀಪವನ್ನು ಎಲ್ಲಿಟ್ಟರೂ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು: ಕತೆಯೊಳಗೆ ಈ ಬೆಳಕು ಎಲ್ಲಿಂದ ಬಂತು? ಕಿಟಕಿಯಿಂದಲೋ, ದೇವರ ಮನೆಯ ದೀಪದಿಂದಲೋ, ಓದುವ ಮೇಜಿನಿಂದಲೋ? ಉತ್ತರವಿಲ್ಲದ ಬೆಳಕು ನಾಟಕದ ರಂಗದಂತೆ ಕಾಣುತ್ತದೆ.

ದೂರದ ಲೆಕ್ಕವೊಂದನ್ನು ಶಾಲೆಯಲ್ಲಿ ಕಲಿತಿದ್ದೀರಿ. ಬಲ್ಬಿನಿಂದ ಒಂದು ಮೀಟರ್ ದೂರದಲ್ಲಿದ್ದವನು ಎರಡು ಮೀಟರಿಗೆ ಸರಿದರೆ ಅವನ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮೂರು ಮೀಟರಿಗೆ ಒಂಬತ್ತನೆಯ ಒಂದು ಪಾಲು. ಗೋಡೆ ಕಪ್ಪಾಗಿ, ಮುಖ ಮಾತ್ರ ಬೆಳಗಬೇಕೆ? ದೀಪವನ್ನೂ ಆಳನ್ನೂ ಗೋಡೆಯಿಂದ ದೂರ ತನ್ನಿ, ದೀಪವನ್ನು ಆಳಿನ ಹತ್ತಿರ ತನ್ನಿ. ಹೆಚ್ಚು ದೀಪ ಕೊಳ್ಳುವ ಖರ್ಚೇ ಇಲ್ಲ.

ಬಣ್ಣದ ಕಡೆಗೂ ಗಮನವಿರಲಿ. ಹಳದಿ ಬಲ್ಬಿನ ಬೆಳಕನ್ನು ಸುಮಾರು 2700 ಕೆಲ್ವಿನ್ ಎಂದೂ ಬಿಳಿ ಟ್ಯೂಬ್‌ಲೈಟಿನದನ್ನು ಸುಮಾರು 6500 ಕೆಲ್ವಿನ್ ಎಂದೂ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ. ಇವೆರಡನ್ನೂ ಎಲ್ಲೆಂದರಲ್ಲಿ ಬೆರೆಸಿದರೆ ಮುಖ ರೋಗಿಷ್ಠವಾಗಿ ಕಾಣುತ್ತದೆ. ತಿಳಿದು ಬೆರೆಸಿದರೆ ಅದೇ ಅಸ್ತ್ರ. ಹುಡುಗಿಯ ಕೋಣೆಗೆಲ್ಲ ಹಳದಿ, ಬೀಗದ ಕೋಣೆಗೆ ಬಿಳಿ ಎಂದು ತೀರ್ಮಾನಿಸಿದರೆ, ಮುಂದೆ ಅವಳ ಗೋಡೆಯ ಮೇಲೆ ಬಿಳಿಯ ಎಳೆಯೊಂದು ಕಂಡೊಡನೆ ಎದುರು ಬಾಗಿಲು ತೆರೆದಿದೆ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದುದರಿಂದ ಕೆಲವು ದೀಪಗಳು ಕ್ಯಾಮೆರಾದಲ್ಲಿ ಮಿಣುಕುತ್ತವೆ. ಸೆಕೆಂಡಿಗೆ 25 ಚೌಕಟ್ಟು, ಷಟರ್ ಐವತ್ತನೆಯ ಒಂದು ಸೆಕೆಂಡು ಎಂದು ಇಟ್ಟರೆ ಸಾಮಾನ್ಯವಾಗಿ ಈ ಕಾಟ ತಪ್ಪುತ್ತದೆ. ಫೋನು ತಾನೇ ಬೆಳಕನ್ನು ಹೆಚ್ಚುಕಡಿಮೆ ಮಾಡದಂತೆ ಕಟ್ಟಿಹಾಕುವುದನ್ನೂ ಮರೆಯಬಾರದು.

ಈಗ ಬಾಗಿಲ ಕೆಳಗಿನ ಗೆರೆ. ಬೀಗದ ಕೋಣೆಯೊಳಗೆ ನೆಲದ ಮೇಲೆಯೇ ಒಂದು ದೀಪವಿಡಿ. ಬಾಗಿಲಿನ ಸಂದು, ಕಿಟಕಿ, ಗವಾಕ್ಷಿ ಎಲ್ಲಕ್ಕೂ ಕರಿಯ ಬಟ್ಟೆ ಬಿಗಿದು ಹೊಸ್ತಿಲ ಸಂದನ್ನು ಮಾತ್ರ ಬಿಡಿ. ಅಂಗಳದಲ್ಲಿ ಬಾಗಿಲ ಆಕಾರ ಗೊತ್ತಾಗುವಷ್ಟು ಮಂದ ಬೆಳಕಿರಲಿ. ಒಳಗೆ ಒಬ್ಬ ಹುಡುಗ ದೀಪಕ್ಕೂ ಬಾಗಿಲಿಗೂ ನಡುವೆ ಬಂದು ನಿಲ್ಲಲಿ. ಒಂದೇ ಆಗಿದ್ದ ಗೆರೆ ಎರಡು ಕಾಲಿನ ನೆರಳಿಂದ ಮೂರು ತುಂಡಾಗುತ್ತದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಹೆಚ್ಚು ಹೆದರಿಸುವ ಷಾಟು ಇರಲಾರದು. ಇದಕ್ಕೆ ತಗಲುವ ಖರ್ಚು ಒಂದು ದೀಪ, ಒಂದು ಬಟ್ಟೆ.

ಹೊರಗಿನ ದೃಶ್ಯಕ್ಕೆ ಮುಚ್ಚಂಜೆಯೇ ಅತ್ಯುತ್ತಮ. ಆಕಾಶ ನೀಲಿಯಾಗಿದ್ದು ಮನೆಯ ದೀಪಗಳು ಹತ್ತಿರುವ ಆ ಹೊತ್ತು ತೆರೆಯ ಮೇಲೆ ರಾತ್ರಿಯಾಗಿಯೇ ತೋರುತ್ತದೆ. ಆದರೆ ನಮ್ಮ ಕಡೆ ಸೂರ್ಯ ಬಹುಮಟ್ಟಿಗೆ ನೇರವಾಗಿ ಇಳಿಯುವುದರಿಂದ ಅದು ಉಳಿಯುವುದು 20-25 ನಿಮಿಷ ಮಾತ್ರ. ಯೂರೋಪಿನವರ ಪುಸ್ತಕ ಓದಿಕೊಂಡು ದೀರ್ಘ ಸಂಜೆಯನ್ನು ನಂಬಿ ಕುಳಿತರೆ ಮೋಸ. ಆ ಹೊತ್ತಿನ ಷಾಟುಗಳನ್ನು ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡಿರಬೇಕು. ನೆಲ ಒದ್ದೆಯಾಗಿದ್ದರೆ ಒಂದು ದೀಪ ಎರಡರಂತೆ ಹೊಳೆಯುತ್ತದೆ. ವಿಯೆನ್ನಾದ ಬೀದಿಗಳು ಅಷ್ಟು ಮಿರುಗಿದ್ದು ನೀರು ಚೆಲ್ಲಿದ್ದರಿಂದಲೇ. ಅಂಗಳ ತೊಳೆಯುವ ವಾಡಿಕೆ ನಮ್ಮಲ್ಲಿ ಇದ್ದೇ ಇದೆ. ಆದರೆ ಒದ್ದೆ ನೆಲದಲ್ಲಿ ವಿದ್ಯುತ್ ತಂತಿ ಎಳೆಯುವುದು ಪ್ರಾಣಕ್ಕೆ ಎರವು. ಅಲ್ಲಿ ಬ್ಯಾಟರಿಯ ದೀಪವನ್ನೇ ಬಳಸಬೇಕು. ಈ ಒಂದು ಮಾತಿಗೆ ಹಿರಿಯರು ಹಟ ಹಿಡಿಯುವುದು ನ್ಯಾಯ.

ಉಡುಪು

ಉಡುಪೆಂದರೆ ಅಲಂಕಾರವೆಂದು ತಿಳಿಯುವುದು ವಾಡಿಕೆ. ರೋಮಾಂಚಕ ಚಿತ್ರದಲ್ಲಿ ಉಡುಪು ಒಂದು ಸಾಕ್ಷಿ. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ ತೆಗೆದ 'ಎಂ' ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ನಗರದಲ್ಲಿ ಓಡಾಡುತ್ತಿದ್ದಾನೆ. ಅವನನ್ನು ಹಿಂಬಾಲಿಸಿದ ಒಬ್ಬ ತನ್ನ ಅಂಗೈಯಲ್ಲಿ ಸೀಮೆಸುಣ್ಣದಿಂದ ಆ ಅಕ್ಷರ ಬರೆದುಕೊಂಡು, ಎಡವಿದವನಂತೆ ನಟಿಸಿ ಅವನ ಭುಜದ ಮೇಲೆ ಒತ್ತುತ್ತಾನೆ. ಕೊಲೆಗಾರ ಕನ್ನಡಿಯಲ್ಲಿ ತನ್ನ ಕೋಟನ್ನು ನೋಡಿಕೊಂಡಾಗಲೇ ಅವನಿಗೆ ವಿಷಯ ಗೊತ್ತಾಗುವುದು; ನಮಗೆ ಆಗಲೇ ಗೊತ್ತಿತ್ತು. ಗಾಢ ಬಣ್ಣದ ಕೋಟಿಲ್ಲದಿದ್ದರೆ ಬಿಳಿಯ ಅಕ್ಷರ ಕಾಣುತ್ತಿರಲಿಲ್ಲ ಎಂಬುದನ್ನು ಗಮನಿಸಿ. 1960ರ 'ಸೈಕೋ' ಚಿತ್ರದಲ್ಲಿ ಹಣ ಕದಿಯುವ ಮೊದಲು ನಾಯಕಿಯ ಒಳಉಡುಪು ಬಿಳಿ, ಕದ್ದ ಮೇಲೆ ಕಪ್ಪು.

ವಿದ್ಯಾರ್ಥಿಗಳಿಗೆ ಇವೆಲ್ಲಕ್ಕಿಂತ ಹತ್ತಿರದ ಪಾಠ ಕ್ರಿಸ್ಟೋಫರ್ ನೋಲನ್ 1998ರಲ್ಲಿ ಹೊರತಂದ 'ಫಾಲೋಯಿಂಗ್'. ಮುಂದೆ ಕೋಟ್ಯಂತರ ಡಾಲರಿನ ಚಿತ್ರ ತೆಗೆದವನ ಮೊದಲ ಚಿತ್ರಕ್ಕೆ ಆದ ಖರ್ಚು ಸುಮಾರು 6,000 ಡಾಲರು. ಲಂಡನ್ನಿನಲ್ಲಿ ಬೇರೆ ಬೇರೆ ಉದ್ಯೋಗದಲ್ಲಿದ್ದ ಗೆಳೆಯರು ವಾರಾಂತ್ಯದಲ್ಲಿ ಕೂಡಿ, ಸುಮಾರು ಒಂದು ವರ್ಷ ಕಾಲ, ಪರಿಚಿತರ ಮನೆಗಳಲ್ಲಿ, ಬಹುಪಾಲು ಕಿಟಕಿಯ ಬೆಳಕಿನಲ್ಲಿಯೇ, 16 ಮಿಲಿಮೀಟರಿನ ಕಪ್ಪುಬಿಳುಪು ಫಿಲ್ಮಿನಲ್ಲಿ ತೆಗೆದರು. ಫಿಲ್ಮು ದುಬಾರಿಯಾದುದರಿಂದ ಮೊದಲೇ ಚೆನ್ನಾಗಿ ಅಭ್ಯಾಸ ಮಾಡಿ ಒಂದೆರಡು ಸಲಕ್ಕೆ ದೃಶ್ಯ ಮುಗಿಸುತ್ತಿದ್ದರು. ಕತೆ ಹಿಂದುಮುಂದಾಗಿ ಸಾಗುತ್ತದೆ. ಆದರೂ ನೋಡುವವನು ದಾರಿ ತಪ್ಪುವುದಿಲ್ಲ. ನಾಯಕ ಕೆದರಿದ ಕೂದಲು, ಮಾಸಿದ ಬಟ್ಟೆಯಲ್ಲಿದ್ದರೆ ಅದು ಮೊದಲ ಭಾಗ. ಕೂದಲು ಕತ್ತರಿಸಿ ಸೂಟು ತೊಟ್ಟಿದ್ದರೆ ನಡುವಿನದು. ಮುಖಕ್ಕೆ ಪೆಟ್ಟು ಬಿದ್ದಿದ್ದರೆ ಆಮೇಲಿನದು. ಬೇರೆ ನಿರ್ದೇಶಕರು ಮಾತಿನಲ್ಲಿ ಹೇಳಿಸುತ್ತಿದ್ದುದನ್ನು ಒಂದು ಕ್ಷೌರ, ಒಂದು ಸೂಟು ಹೇಳಿಬಿಟ್ಟವು.

ನಮ್ಮ ಕತೆಗೆ ಬೇಕಾದ ಬಟ್ಟೆಯೆಲ್ಲ ಮನೆಯ ಬೀರುವಿನಲ್ಲಿಯೇ ಇದೆ. ಮುಖ್ಯವಾದದ್ದು ಯಜಮಾನರ ಬಿಳಿಯ ಅಂಗಿ. ಒಂದೇ ಬಗೆಯ ಅಂಗಿ ಮೂರು ಬೇಕು: ಹಗ್ಗದ ಮೇಲೆ ಗುಂಡಿಯಿಲ್ಲದೆ ಒದ್ದೆಯಾಗಿ ನೇತಾಡಲು ಒಂದು, ಕರಿಯ ದಾರದಲ್ಲಿ ಗುಂಡಿ ಹೊಲಿದು ತೊಡಲು ಒಂದು, ಕಾಫಿ ಚೆಲ್ಲಿದರೆ ಕೈಗೆ ಸಿಕ್ಕಲು ಒಂದು. ಅಚ್ಚ ಬಿಳಿ ಬಟ್ಟೆ ದೀಪದ ಮುಂದೆ ಕುಕ್ಕುತ್ತದೆ, ಅದರ ಮಡಿಕೆ ನೆರಿಗೆ ಕಾಣುವುದಿಲ್ಲ. ತಿಳಿಯಾದ ಚಹಾದಲ್ಲಿ ಒಮ್ಮೆ ಅದ್ದಿ ತೆಗೆದರೆ ಬಣ್ಣ ತುಸು ಇಳಿದು ಕ್ಯಾಮೆರಾಕ್ಕೆ ಹಿತವಾಗುತ್ತದೆ. ಸಣ್ಣ ಗೆರೆ, ಸಣ್ಣ ಚೌಕುಳಿಯ ಬಟ್ಟೆ ಬೇಡ. ತೆರೆಯ ಮೇಲೆ ಆ ಗೆರೆಗಳು ಹರಿದಾಡಿದಂತೆ ಕಾಣುತ್ತವೆ. ಕತ್ತಲಲ್ಲಿ ನಡೆಯುವವನಿಗೆ ಕಪ್ಪಿಗಿಂತ ಕಡುನೀಲಿ ಅಥವಾ ಕಂದು ಲೇಸು, ಆಕಾರವಾದರೂ ಉಳಿಯುತ್ತದೆ.

ಬಾನುಲಿಯವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ವಿಷಯ, ಬಟ್ಟೆಗೂ ಸದ್ದಿದೆ. ಗಾಜಿನ ಬಳೆ, ಗೆಜ್ಜೆ, ರೇಷ್ಮೆಯ ಸರಬರ ಇವೆಲ್ಲ ಧ್ವನಿಗ್ರಾಹಕಕ್ಕೆ ಮಾತಿಗಿಂತ ಮೊದಲು ಕೇಳುತ್ತವೆ. ಬೇಡವಾದರೆ ತೆಗೆದಿಡಿ, ಬೇಕಾದರೆ ಕತೆಗೆ ದುಡಿಸಿಕೊಳ್ಳಿ. ಭಯಗೊಂಡ ಹುಡುಗಿ ಸದ್ದಾಗದಂತೆ ಒಂದೊಂದೇ ಬಳೆ ಕಳಚಿಡುವುದು ಎಷ್ಟು ಹೇಳುತ್ತದೆ!

ಉಡುಪಿನ ಹೊಣೆ ಹೊತ್ತವರು ಪ್ರತಿ ದೃಶ್ಯ ಮುಗಿದೊಡನೆ ಪಾತ್ರಧಾರಿಯ ಒಂದು ಫೋಟೋ ತೆಗೆದಿಡಬೇಕು. ತೋಳು ಮಡಿಸಿತ್ತೇ, ದುಪಟ್ಟಾ ಯಾವ ಭುಜದ ಮೇಲಿತ್ತು ಎಂಬುದು ಮೂರು ದಿನದ ಮೇಲೆ ಯಾರಿಗೂ ನೆನಪಿರುವುದಿಲ್ಲ. ರಕ್ತದ ಕಲೆ ಬೇಕಿದ್ದರೆ ಸಕ್ಕರೆ ಪಾಕಕ್ಕೆ ಅಡಿಗೆಯ ಕೆಂಪು ಬಣ್ಣ ಬೆರೆಸಬಹುದು. ಎರವಲು ತಂದ ಬಟ್ಟೆಗೆ ಮಾತ್ರ ಅದು ತಗಲಕೂಡದು. ಕೊಳೆಯಾಗುವ, ಹರಿಯುವ ದೃಶ್ಯಗಳನ್ನು ಯಾವಾಗಲೂ ಕೊನೆಯಲ್ಲಿ ತೆಗೆಯಬೇಕು. ಪೊಲೀಸ್ ಉಡುಪು ಕತೆಯಲ್ಲಿದ್ದರೆ ಅದನ್ನು ಮನೆಯೊಳಗಿನ ದೃಶ್ಯಕ್ಕೆ ಸೀಮಿತ ಮಾಡುವುದು ಒಳ್ಳೆಯದು. ಚಹಾ ಕುಡಿಯಲು ಬೀದಿಗೆ ಹೋಗುವಾಗ ಅದರ ಮೇಲೆ ಒಂದು ಶಾಲು ಹೊದೆಯಲಿ. ಜನ ನಿಜವೆಂದು ನಂಬಿ ಸಹಾಯ ಕೇಳಿದರೆ ಅದು ಹಾಸ್ಯದ ವಿಷಯವಲ್ಲ.

ಮೂರನ್ನೂ ಕೂಡಿಸುವುದು

ಇಷ್ಟನ್ನೂ ಒಂದು ಉದ್ದ ಕಾಗದದ ಮೇಲೆ ಬರೆಯಬೇಕು. ಎಡಗಡೆ ದೃಶ್ಯದ ಸಂಖ್ಯೆ, ಅದರ ಮುಂದೆ 'ನೋಡುವವನಿಗೆ ಏನು ತಿಳಿಯಬೇಕು' ಎಂಬ ಒಂದು ಸಾಲು, ಆಮೇಲೆ ಸ್ಥಳ, ಬೆಳಕು, ಉಡುಪು. ಬಾಡಿಗೆ ಕೇಳುವ ದೃಶ್ಯಕ್ಕೆ ಹೀಗೆ ಬರೆಯಬಹುದು: 'ಕರಿಯ ದಾರ ನಮಗೆ ಕಾಣಬೇಕು, ಹುಡುಗಿಗೆ ಕಾಣಬಾರದು.' ಆಗ ಉಳಿದುದೆಲ್ಲ ತಾನಾಗಿ ನಿರ್ಧಾರವಾಗುತ್ತದೆ. ಯಜಮಾನರು ಹೊಸ್ತಿಲಲ್ಲಿ ನಿಲ್ಲಬೇಕು, ಬೆಳಗಿನ ಬಿಸಿಲು ಮಗ್ಗುಲಿನಿಂದ ಎದೆಯ ಮೇಲೆ ಬೀಳಬೇಕು, ಹುಡುಗಿ ಪರ್ಸಿನಲ್ಲಿ ಹಣ ಎಣಿಸುತ್ತ ತಲೆ ಬಗ್ಗಿಸಿರಬೇಕು. ಹಣ ಕೊಡಲು ಅವಳು ತಲೆ ಎತ್ತಿದಾಗ ನಮ್ಮ ಉಸಿರು ನಿಲ್ಲುತ್ತದೆ. ಹುಡುಗಿಯ ಮೇಲೆ ಯಾರೂ ಕೈ ಎತ್ತಲಿಲ್ಲ, ಯಾರೂ ಕಿರುಚಲಿಲ್ಲ ಎಂಬುದನ್ನು ಯುವಕರು ವಿಶೇಷವಾಗಿ ಗಮನಿಸಲಿ.

ಚಿತ್ರೀಕರಣದ ಕ್ರಮ ಕತೆಯ ಕ್ರಮವಾಗಿರಬೇಕಾಗಿಲ್ಲ. ಬೆಳಗಿನ ಅಂಗಳದ ದೃಶ್ಯಗಳೆಲ್ಲ ಒಂದು ಬೆಳಿಗ್ಗೆ, ಮುಚ್ಚಂಜೆಯ ಎರಡು ಷಾಟು ಒಂದು ಸಂಜೆ, ಕೋಣೆಯೊಳಗಿನವು ಅದೇ ರಾತ್ರಿ. ಒಳಗಿನ ರಾತ್ರಿಯನ್ನು ಹಗಲಿನಲ್ಲಿ ಕಿಟಕಿಗೆ ಕಂಬಳಿ ಕಟ್ಟಿಯೂ ಮಾಡಬಹುದು. ಅದರಿಂದ ಹುಡುಗ ಹುಡುಗಿಯರು ಹೊತ್ತಿಗೆ ಮನೆ ಸೇರುತ್ತಾರೆ.

ಮನೆಯ ಹಿರಿಯರಾದ ನಿಮಗೆ ಎರಡು ಮಾತು. ಕೋಟು ಕೇಳಿದಾಗ ಕೊಡಿ, ಆದರೆ ಯಾವ ದೃಶ್ಯಕ್ಕೆಂದು ಕೇಳಿ ಕೊಡಿ. ಕೋಣೆ ಬಿಡುವ ಮೊದಲು ಆ ಉದ್ದನೆಯ ಕಾಗದವನ್ನು ತರಿಸಿ ನೋಡಿ. ತಂತಿ ಎಲ್ಲಿ ಹಾಯುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರನ್ನು ಯಾರು ಮನೆಗೆ ಮುಟ್ಟಿಸುತ್ತಾರೆ, ಊಟ ಎಲ್ಲಿ ಎಂದು ವಿಚಾರಿಸಿ. ಉತ್ತರ ಸಿದ್ಧವಿದ್ದರೆ ಅವರ ಚಿತ್ರದ ಮೇಲೆ ನಂಬಿಕೆ ಇಡಬಹುದು. ಇಷ್ಟು ಯೋಚಿಸಿದವರು ಕತ್ತಲೆಯನ್ನೂ ಯೋಚಿಸಿಯೇ ಇರುತ್ತಾರೆ.

ಚಿತ್ರ ಮುಗಿದು ಮನೆಮಂದಿಗೆಲ್ಲ ತೋರಿಸುವ ದಿನ ಹೇಗಿತ್ತೆಂದು ಹೊಗಳಿ ಸುಮ್ಮನಾಗಬೇಡಿ. 'ಅವರೇ ಅವನೆಂದು ನಿನಗೆ ಯಾವಾಗ ಗೊತ್ತಾಯಿತು?' ಎಂದು ಪಕ್ಕದಲ್ಲಿ ಕುಳಿತವರನ್ನು ಕೇಳಿ. ಕರಿಯ ದಾರ ಕಂಡಾಗ ಎಂದು ಅವರು ಹೇಳಿದರೆ ನಿಮ್ಮ ಹುಡುಗರು ಕಲಿಯಬೇಕಾದುದನ್ನು ಕಲಿತಿದ್ದಾರೆ.